ಎರಡೇ ಮೆಟ್ಟಿಲು

ಮೊದಲನೇ ದಿನ ನಾವು ಧಿಕ್ಕಾರ ಕೂಗೋಕೆ ಬಂದಿದ್ದಲ್ಲ.
ಎಣಿಸೋಕೆ ಬಂದಿದ್ವಿ.

ಕಾಗದದಾಗೆ ಹಿಂಗೆ ಬರೆದಿತ್ತು:
ಸದರಿ ಎರ್ರಿಸ್ವಾಮಿ, ವಯಸ್ಸು ಇಪ್ಪತ್ತಾರು,
ಠಾಣೆಯ ಮೆಟ್ಟಿಲುಗಳ ಮೇಲಿಂದ ಆಯತಪ್ಪಿ ಬಿದ್ದು
ಗಾಯಗೊಂಡಿರುತ್ತಾನೆ.
ಪಕ್ಕೆಲುಬು ನಾಲ್ಕು. ಎಡಗಿವಿಯ ತಮಟೆ ಒಂದು.

ಹೊನ್ನೂರಬಿಗೆ ಓದೋಕೆ ಬರಲ್ಲ, ಎಣಿಸೋಕೆ ಬರ್ತೈತೆ.
ದಿನಕ್ಕೆ ಮುನ್ನೂರು ಪ್ಯಾಂಟಿನ ದಾರ ಕತ್ತರಿಸೋಳು,
ಒಂದು ಕಮ್ಮಿ ಬಿದ್ದರೂ ಸೇಟು ಕೂಲಿ ಹಿಡೀತಾನೆ.
ಸೆರಗು ಸೊಂಟಕ್ಕೆ ಸಿಗಿಸಿ, ಬಾಗಿಲ ಮುಂದೆ ನಿಂತು,
ಬೆರಳು ಚಾಚಿದಳು:
ಒಂದು.
ಎರಡು.
ಆಮೇಲೆ ನೆಲ.

ಇನ್ನೊಂದು ಸಲ ಎಣಿಸಿದಳು, ಕೆಳಗಿಂದ ಮೇಲಕ್ಕೆ.
ಅಷ್ಟೇ.

ಬೆನ್ನಿನ ಮೇಲಿನ ನೀಲಿ ಏನು ಅಂದರೆ
ಜೀನ್ಸಿನ ಬಣ್ಣ ಅಂದರು.
ಸಾರ್, ನಾವು ಕೌಲ್‌ಬಜಾರಿನ ವಾಷಿಂಗಿನೋರು.
ನಮ್ಮ ಉಗುರು ನೀಲಿ, ಮೋರಿ ನೀಲಿ,
ಓಣಿಯ ಬೆಕ್ಕಿನ ಕಾಲೂ ನೀಲಿ.
ಬ್ಲೀಚಿಗೆ ಯಾವುದು ಬಿಡ್ತೈತೆ, ಕಲ್ಲಿನ ಉಜ್ಜಿಗೆ ಯಾವುದು,
ಯಾವ ನೀಲಿ ಅಂಚಿಗೆ ಹಳದಿ ತಿರುಗಿ
ಹದಿನೈದು ದಿನ ಚರ್ಮದ ಒಳಗೇ ಕೂತಿರ್ತೈತೆ,
ನಮಗೆ ಹೇಳಿಕೊಡಬೇಡಿ.
ಲಾಠಿಯಷ್ಟೇ ಅಗಲ ಗೆರೆ ಎಳೆಯೋ ಬಣ್ಣ
ಬಳ್ಳಾರಿಯ ಯಾವ ಡ್ರಮ್ಮಿನಾಗೂ ಇಲ್ಲ.

‘ಕೂತರೆ ಏನು ಸಿಗ್ತೈತಮ್ಮ?’
ಚಹದಂಗಡಿ ತಾಯಪ್ಪ ಕೇಳಿದ.
‘ಹೋದ ಕಿವಿ ಬರ್ತೈತಾ?’

ಬರಲ್ಲ.
ಈಗ ಅವನ ಬಲಕ್ಕೆ ಕೂತು ಮಾತಾಡಬೇಕು.
ಎಡಕ್ಕೆ ಸುಂಕಮ್ಮ ಅಳ್ತಿದ್ದರೆ
ಅವನು ಗೋಡೆ ಮೇಲಿನ ಹಲ್ಲಿ ನೋಡ್ತಿರ್ತಾನೆ.

ಎರಡನೇ ದಿನ ನಾನೂ ತಾಯಪ್ಪನ ಹಂಗೇ ಅಂದುಕೊಂಡೆ.
ಎರಡು ದಿನದ ಕೂಲಿ ಹೋಯ್ತು.
ಗುಡ್ಡ ಕಾದ ಹೆಂಚಾಗಿ ಬೆನ್ನ ಹಿಂದೆ ನಿಂತೈತೆ,
ನೀರು ಕುಡಿದರೆ ಕಷ್ಟ, ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು?
ಭಾಷಣ ಮಾಡೋಕೆ ಬಂದಿದ್ದ ಲೀಡರು
ಫೋಟೋ ಆದ ಮೇಲೆ ಮದುವೆ ಐತೆ ಅಂತ ಹೋದ.
ಸಂಜೆಗೆ ಉಳಿದೋರು ಏಳು ಜನ,
ಅದರಾಗೆ ಒಬ್ಬಳಿಗೆ ಜ್ವರ.

ಮೂರನೇ ರಾತ್ರಿ ಜೀಪು ಬಂತು.
ಇನ್ನೊಬ್ಬ ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ,
ಒಂದೇ ಕಾಲಿಗೆ ಚಪ್ಪಲಿ.
ಯಾರ ಮಗನೋ, ಕದ್ದಿದ್ದನೋ ಇಲ್ಲವೋ, ನಮಗೆ ಗೊತ್ತಿಲ್ಲ.
ಗೊತ್ತಿರಬೇಕಾಗಿಯೂ ಇಲ್ಲ.
ನಾವು ಕೂಗಲಿಲ್ಲ. ಎದ್ದು ನಿಂತ್ವಿ.
ಅವನು ಹತ್ತುವಾಗ ಹೊನ್ನೂರಬಿ ಗಟ್ಟಿಯಾಗಿ ಎಣಿಸಿದಳು,
ಒಂದು, ಎರಡು.
ಒಳಗೆ ಕುರ್ಚಿ ಸರಿದ ಸದ್ದು.
ಆಮೇಲೆ ರಾತ್ರಿಯೆಲ್ಲ ಏನೂ ಸದ್ದಿಲ್ಲ,
ಆ ಏನೂ ಇಲ್ಲದ ಸದ್ದನ್ನ
ನಾವು ಕಿವಿಗೊಟ್ಟು ಕಾದ್ವಿ.

ಬೆಳಿಗ್ಗೆ ಕೋರ್ಟಿಗೆ ಕರಕೊಂಡು ಹೊರಟರು.
ಇಳಿದ: ಎರಡು, ಒಂದು.
ಬೀಳಲಿಲ್ಲ.
ಚಪ್ಪಲಿ ಒಂದೇ ಇತ್ತು, ನಡಿಗೆ ನೆಟ್ಟಗಿತ್ತು.

ನಿನ್ನೆ ಟ್ರ್ಯಾಕ್ಟರಿನಾಗೆ ಮರಳು ಬಂತು, ಆರು ಚೀಲ ಸಿಮೆಂಟು.
ಗಾರೆ ಕೆಲಸದ ಮಾರೆಣ್ಣ ತಲೆಗೆ ಟವೆಲ್ ಸುತ್ತಿ ನಿಂತು,
‘ಎಷ್ಟು ಕಟ್ಟಲಿ ಸಾರ್?’ ಅಂದ.
ಸಾಹೇಬರು ಅವನನ್ನ ನೋಡಿದರು, ನಮ್ಮನ್ನ ನೋಡಿದರು.
ನಾಲ್ಕು ಪಕ್ಕೆಲುಬಿಗೆ ಎಷ್ಟು ಮೆಟ್ಟಿಲು ಬೇಕಾಗ್ತಾವೆ,
ಲೆಕ್ಕ ಯಾರಿಗೂ ಬರಲಿಲ್ಲ.
ಮರಳು ಅಲ್ಲೇ ಬಿದ್ದೈತೆ, ನಾಯಿ ಮಲಗೈತೆ ಅದರ ಮೇಲೆ.

ಅದಕ್ಕೇ ಏಳ್ತಿಲ್ಲ, ತಾಯಪ್ಪ.
ನಾವು ಮನೆಗೆ ಹೋಗಿ ಮಲಗಿದರೆ
ಬೆಳಗಾಗೋದ್ರಾಗೆ ಇಲ್ಲಿ ಹದಿನಾಲ್ಕು ಮೆಟ್ಟಿಲಿರ್ತಾವೆ,
ಅಜ್ಜನ ಕಾಲದಿಂದ ಇದ್ದಂಗೆ ಅಂಚು ಸವೆದು.
ಹೊಸದನ್ನ ಉಜ್ಜಿ ಹಳೇದು ಮಾಡೋದು
ನಮ್ಮದೇ ಕಸುಬು ನೋಡು,
ಎಷ್ಟು ಬೇಗ ಆಗ್ತೈತೆ ಅಂತ ನಮಗೆ ಗೊತ್ತು.

ಒಂದು ಚಹ ಕೊಡು.
ಜ್ವರದಾಕೆಗೂ ಒಂದು, ಶುಂಠಿ ಹಾಕಿ.